ಮುಖವೆಂಬ ನ್ಯಾಸ: ಡಿಜಿ ಯಾತ್ರಾ ವ್ಯವಸ್ಥೆಯ ಒಂದು ವಿಮರ್ಶೆ

ದೇವನಹಳ್ಳಿ ತಾಲ್ಲೂಕಿನಲ್ಲಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ದೇಶದೊಳಗಿನ ಪ್ರಯಾಣಕ್ಕೆ ಹೊರಟವರಿಗೆ ಈಗ ಎರಡು ಬಗೆಯ ಪ್ರವೇಶವುಂಟು. ಒಂದರಲ್ಲಿ ಹಿಂದಿನಂತೆಯೇ ಭದ್ರತಾ ಸಿಬ್ಬಂದಿಯವರು ಟಿಕೆಟ್ಟನ್ನೂ ಗುರುತಿನ ಚೀಟಿಯನ್ನೂ ಪರಿಶೀಲಿಸಿ, ಮುಖವನ್ನೊಮ್ಮೆ ನೋಡಿ, ಪ್ರಯಾಣಿಕನನ್ನು ಒಳಕ್ಕೆ ಬಿಡುತ್ತಾರೆ. ಇನ್ನೊಂದರಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ಪ್ರಯಾಣಿಕನು ಬೋರ್ಡಿಂಗ್ ಪಾಸನ್ನು ಯಂತ್ರಕ್ಕೆ ತೋರಿಸಿ, ಕ್ಯಾಮೆರಾದ ಮುಂದೆ ಕ್ಷಣಕಾಲ ನಿಂತರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಈ ಎರಡನೆಯ ವ್ಯವಸ್ಥೆಯ ಹೆಸರು ಡಿಜಿ ಯಾತ್ರಾ. 2022ರ ಡಿಸೆಂಬರ್ 1ರಂದು ದೆಹಲಿ, ವಾರಾಣಸಿ ಮತ್ತು ಬೆಂಗಳೂರು ನಿಲ್ದಾಣಗಳಲ್ಲಿ ಏಕಕಾಲಕ್ಕೆ ಆರಂಭವಾದ ಇದು ಅನಂತರ ದೇಶದ ಇಪ್ಪತ್ತಕ್ಕೂ ಹೆಚ್ಚು ನಿಲ್ದಾಣಗಳಿಗೆ ಹಬ್ಬಿತು.

ಈ ವ್ಯವಸ್ಥೆಯನ್ನು ಕುರಿತು ಪತ್ರಿಕೆಗಳಲ್ಲಿ ಬಂದಿರುವ ಬರಹಗಳು ಸಾಮಾನ್ಯವಾಗಿ ಎರಡು ವಿಧ. ಉಳಿತಾಯವಾದ ನಿಮಿಷಗಳನ್ನು ಎಣಿಸಿ ಕೊಂಡಾಡುವವು ಒಂದು ವಿಧ. ಸರ್ಕಾರ ಎಲ್ಲರ ಮೇಲೆ ಕಣ್ಣಿಟ್ಟಿದೆಯೆಂದು ಗಾಬರಿಗೊಳ್ಳುವವು ಇನ್ನೊಂದು ವಿಧ. ದೊಡ್ಡಬಳ್ಳಾಪುರದ ಮಗ್ಗದ ಊರಿನಿಂದ ಸೂರತ್ತಿಗೆ, ಹೊಸಕೋಟೆ ನೆಲಮಂಗಲಗಳ ಉಗ್ರಾಣಗಳಿಂದ ಮುಂಬಯಿಗೆ ವ್ಯವಹಾರದ ನಿಮಿತ್ತ ಹೋಗಿ ರಾತ್ರಿಯೊಳಗೆ ಮನೆ ಸೇರಬೇಕಾದ ವ್ಯಾಪಾರಸ್ಥನಿಗೆ ಮೊದಲನೆಯ ವಿಧದ ಮಾತು ರುಚಿಸುವುದು ಸಹಜ. ಸರದಿಯಲ್ಲಿ ನಿಲ್ಲುವ ಅರ್ಧ ಗಂಟೆಗೂ ಬೆಲೆಯಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ವೇಗವಾಗಿ ಆಗುವ ವ್ಯವಹಾರವೆಲ್ಲ ಶುದ್ಧ ವ್ಯವಹಾರವಲ್ಲವೆಂಬುದು ವ್ಯಾಪಾರಸ್ಥನಿಗಲ್ಲದೆ ಇನ್ನಾರಿಗೆ ಹೆಚ್ಚು ತಿಳಿದೀತು? ಇಲ್ಲಿ ಕೊಡುವವನು ಏನನ್ನು ಕೊಡುತ್ತಾನೆ, ಪಡೆಯುವವನು ಯಾವ ಮಾತಿನ ಮೇಲೆ ಪಡೆಯುತ್ತಾನೆ, ಲೆಕ್ಕವನ್ನು ಯಾರು ಯಾರಿಗೆ ತೋರಿಸುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಯಾವ ವಿಧದ ಬರಹವೂ ಸಾವಧಾನವಾಗಿ ಕೇಳಿದಂತೆ ತೋರುವುದಿಲ್ಲ.

ಮೊದಲಿಗೆ ವ್ಯವಸ್ಥೆ ಹೇಗೆ ನಡೆಯುತ್ತದೆಂಬುದನ್ನು ಸರಿಯಾಗಿ ತಿಳಿಯಬೇಕು. ತಿಳಿಯದೆ ಮಾಡಿದ ಖಂಡನೆ ತಿಳಿಯದೆ ಮಾಡಿದ ಸ್ತುತಿಗಿಂತ ಮೇಲೇನಲ್ಲ. ಪ್ರಯಾಣಿಕನು ತನ್ನ ಮೊಬೈಲಿಗೆ ಡಿಜಿ ಯಾತ್ರಾ ಆ್ಯಪನ್ನು ಇಳಿಸಿಕೊಂಡು, ಆಧಾರ್ ಮೂಲಕ ತನ್ನ ಗುರುತನ್ನು ದೃಢಪಡಿಸಬೇಕು. ಅನಂತರ ಅದೇ ಮೊಬೈಲಿನಿಂದ ತನ್ನ ಮುಖದ ಚಿತ್ರವನ್ನು ತಾನೇ ತೆಗೆದುಕೊಳ್ಳಬೇಕು. ಆ ಚಿತ್ರವು ಆಧಾರಿನಲ್ಲಿರುವ ಚಿತ್ರಕ್ಕೆ ಹೊಂದಿದರೆ ಒಂದು ಗುರುತಿನ ಪ್ರಮಾಣ ಸಿದ್ಧವಾಗಿ ಮೊಬೈಲಿನಲ್ಲಿಯೇ ಉಳಿಯುತ್ತದೆ. ಪ್ರಯಾಣಕ್ಕೆ ಮೊದಲು ಬೋರ್ಡಿಂಗ್ ಪಾಸನ್ನು ಅದರೊಡನೆ ಸೇರಿಸಿ, ತಾನು ಹೊರಡುವ ನಿಲ್ದಾಣಕ್ಕೆ ಕಳುಹಿಸಬೇಕು. ಬಾಗಿಲಿನ ಕ್ಯಾಮೆರಾ ಎದುರಿಗೆ ನಿಂತ ಮುಖವನ್ನು ಹೀಗೆ ಬಂದ ಮುಖದೊಡನೆ ಹೋಲಿಸುತ್ತದೆ. ವಿಮಾನ ಹೊರಟ 24 ಗಂಟೆಗಳೊಳಗೆ ನಿಲ್ದಾಣದ ಕಂಪ್ಯೂಟರುಗಳಿಂದ ಈ ವಿವರಗಳನ್ನೆಲ್ಲ ಅಳಿಸಿಹಾಕಲಾಗುವುದೆಂದು ಸಂಸ್ಥೆಯ ಭರವಸೆ.

ಈ ರಚನೆಯಲ್ಲಿ ಮೆಚ್ಚಬೇಕಾದ ಅಂಶವಿದೆಯೆಂಬುದನ್ನು ಮರೆಮಾಚುವುದು ನ್ಯಾಯವಾಗದು. ಕೋಟಿಗಟ್ಟಲೆ ಜನರ ಮುಖಗಳನ್ನು ಒಂದೇ ಉಗ್ರಾಣದಲ್ಲಿ ತುಂಬಿಡುವ ಬದಲು ಅವರವರ ಮುಖವನ್ನು ಅವರವರ ಕಿಸೆಯಲ್ಲಿಯೇ ಇರಿಸುವ ಯೋಚನೆ ವಿವೇಕದ್ದು. ಸಿಮ್ ಕೊಳ್ಳುವಾಗ, ವಸತಿಗೃಹದಲ್ಲಿ ಕೊಠಡಿ ಹಿಡಿಯುವಾಗ ಹಿಂದುಮುಂದು ನೋಡದೆ ಕೊಟ್ಟ ಆಧಾರ್ ಜೆರಾಕ್ಸ್ ಪ್ರತಿಗಳು ಯಾವ ಅಂಗಡಿಯ ಪೊಟ್ಟಣದ ಕಾಗದವಾದವೆಂದು ಬಲ್ಲವರಾರು? ಅದಕ್ಕೆ ಹೋಲಿಸಿದರೆ ಡಿಜಿ ಯಾತ್ರೆಯ ರಚನಾಕಾರರು ಹೆಚ್ಚು ಎಚ್ಚರ ವಹಿಸಿದ್ದಾರೆ. ಆದಕಾರಣ ಇಲ್ಲಿನ ದೋಷ ಯಂತ್ರದಲ್ಲಿದೆಯೆಂದು ಹೇಳುವುದು ಸುಲಭವಾದರೂ ಸತ್ಯಕ್ಕೆ ದೂರ. ದೋಷವಿರುವುದು ಮಾತಿನಲ್ಲಿ, ಅಂದರೆ ವ್ಯವಸ್ಥೆ ಪ್ರಯಾಣಿಕನಿಗೆ ಕೊಟ್ಟ ವಚನದ ಶಬ್ದಗಳಲ್ಲಿ.

ಆ ಶಬ್ದಗಳನ್ನು ನೋಡಬೇಕಾದರೆ ನಾಗರಿಕ ವಿಮಾನಯಾನ ಸಚಿವಾಲಯವು 2018ರ ಆಗಸ್ಟಿನಲ್ಲಿ ಹೊರತಂದ ಡಿಜಿ ಯಾತ್ರಾ ನೀತಿಯನ್ನು ಓದಬೇಕು. ಪ್ರಯಾಣಿಕರಲ್ಲಿ ಇದನ್ನು ಓದಿದವರು ನೂರಕ್ಕೊಬ್ಬರಾದರೂ ಇದ್ದಾರೆಂದು ನಂಬುವುದು ಕಷ್ಟ. ಅದರಲ್ಲಿ ವ್ಯವಸ್ಥೆ ಸ್ವಇಚ್ಛೆಯದೆಂಬ ಮಾತಿದೆ; ಅಳಿಸುವ ಮಾತೂ ಇದೆ. ಆದರೆ ಅದೇ ನೀತಿಯಲ್ಲಿ, ಭದ್ರತೆಯ ಅಗತ್ಯ ಬಿದ್ದಾಗ ಅಳಿಸುವ ಅವಧಿಯನ್ನು ಬದಲಾಯಿಸುವ ಸೌಲಭ್ಯ ವ್ಯವಸ್ಥೆಯಲ್ಲಿರಬೇಕೆಂದಿದೆ. ಭದ್ರತಾ ಸಂಸ್ಥೆಗಳಿಗೂ ಇತರ ಸರ್ಕಾರಿ ಸಂಸ್ಥೆಗಳಿಗೂ ಆಯಾ ಕಾಲಕ್ಕೆ ರೂಢಿಯಲ್ಲಿರುವ ಕ್ರಮದಂತೆ ಪ್ರಯಾಣಿಕರ ವಿವರವನ್ನು ಒದಗಿಸಬಹುದೆಂದೂ ಇದೆ. ಪ್ರಯಾಣಿಕ ಒಪ್ಪಿದಲ್ಲಿ ಟ್ಯಾಕ್ಸಿ ಮೊದಲಾದ ಹೆಚ್ಚುವರಿ ಸೇವೆಗಳವರಿಗೆ ವಿವರ ಕೊಡುವ ದಾರಿಯನ್ನೂ ತೆರೆದಿಡಲಾಗಿದೆ. ದೇಶದ ರಕ್ಷಣೆಗೆ ಇಂಥ ಕೆಲವು ಅಧಿಕಾರಗಳು ಬೇಕಾದೀತೆಂಬುದನ್ನು ವಿವೇಕಿಗಳು ಅಲ್ಲಗಳೆಯಲಾರರು. ಆಕ್ಷೇಪವಿರುವುದು ಬೇರೆಡೆ. ಪ್ರಯಾಣಿಕನ ಕಿವಿಗೆ ಬೀಳುವುದು ‘24 ಗಂಟೆಗಳಲ್ಲಿ ಅಳಿಸಲಾಗುವುದು’ ಎಂಬ ನಿಸ್ಸಂದಿಗ್ಧ ಮಾತು. ನೀತಿಯ ಪುಟದಲ್ಲಿರುವುದು ‘ಬೇರೆ ಅಗತ್ಯ ಬೀಳದಿದ್ದರೆ ಅಳಿಸಲಾಗುವುದು’ ಎಂಬ ಷರತ್ತಿನ ಮಾತು. ಅಂಗಡಿಯ ಮುಂದಿನ ಹಲಗೆಯಲ್ಲಿ ಒಂದು ದರ, ರಸೀದಿಯ ಹಿಂಬದಿಯಲ್ಲಿ ಇನ್ನೊಂದು ದರ ಬರೆದ ವರ್ತಕನನ್ನು ಪೇಟೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಾರೆಂಬುದು ಎಲ್ಲರಿಗೂ ಗೊತ್ತಿದೆ.

ಈ ವಚನವನ್ನು ಕೊಟ್ಟವರಾರು ಎಂಬುದೂ ವಿಚಾರಾರ್ಹ. ಬಾಗಿಲ ಬಳಿ ಸಮವಸ್ತ್ರದ ಸಿಬ್ಬಂದಿ ನಿಂತಿರುವುದರಿಂದ ಇದು ಸರ್ಕಾರದ ಇಲಾಖೆಯೆಂದೇ ಬಹುಮಂದಿ ಭಾವಿಸಿದ್ದಾರೆ. ವಾಸ್ತವವಾಗಿ ಇದನ್ನು ನಡೆಸುವುದು 2019ರಲ್ಲಿ ಸ್ಥಾಪಿತವಾದ ಡಿಜಿ ಯಾತ್ರಾ ಫೌಂಡೇಷನ್ ಎಂಬ, ಲಾಭದ ಉದ್ದೇಶವಿಲ್ಲದ ಕಂಪನಿ. ಆರಂಭದಲ್ಲಿ ಅದರ ಶೇಕಡಾ 26 ಪಾಲು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಉಳಿದುದನ್ನು ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬಯಿ, ಕೊಚ್ಚಿ ನಿಲ್ದಾಣಗಳ ಕಂಪನಿಗಳು ಹಂಚಿಕೊಂಡಿದ್ದವು. ಇದರಲ್ಲಿ ಕಾನೂನುಬಾಹಿರವಾದುದು ಏನೂ ಇಲ್ಲ. ಆದರೆ ಸರ್ಕಾರವೆಂದು ನಂಬಿ ಕೊಟ್ಟದ್ದು ಕಂಪನಿಯ ಕೈ ಸೇರಿದರೆ, ಪ್ರಶ್ನೆ ಕೇಳುವವನು ಯಾವ ಕಚೇರಿಯ ಬಾಗಿಲು ತಟ್ಟಬೇಕು? ಇಲಾಖೆಯನ್ನು ಕೇಳಿದರೆ ಕಂಪನಿಯೆಡೆಗೆ, ಕಂಪನಿಯನ್ನು ಕೇಳಿದರೆ ನೀತಿಯೆಡೆಗೆ ಬೆರಳು ತೋರಿಸಲು ಅನುಕೂಲವಾಗುವ ರಚನೆ ಇದು.

ಇಂಥ ವ್ಯವಹಾರವನ್ನು ತೂಗಲು ಹೊಸ ತಕ್ಕಡಿಯೇನೂ ಬೇಕಾಗಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಅಣುವ್ರತಗಳ ಅತಿಚಾರಗಳನ್ನು ಹೇಳುವಲ್ಲಿ ‘ನ್ಯಾಸಾಪಹಾರ’ ಎಂಬುದೊಂದು ಬರುತ್ತದೆ. ನಂಬಿ ಇಟ್ಟ ಇಡುಗಂಟನ್ನು ನುಂಗುವುದು ಕಳ್ಳತನವಲ್ಲವೇ, ಹಾಗಾದರೆ ಅದು ಅಚೌರ್ಯದ ಅತಿಚಾರಗಳಲ್ಲಿ ಬರಬೇಕಾಗಿತ್ತಲ್ಲ ಎಂದು ಓದುವವರಿಗೆ ತೋರುವುದುಂಟು. ಆದರೆ ಅದು ಬಂದಿರುವುದು ಸತ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ. ಇದರ ಮರ್ಮವನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆ ಬಿಡಿಸಿ ಹೇಳುತ್ತದೆ. ಹೊನ್ನನ್ನು ಇಟ್ಟವನು ಎಷ್ಟು ಇಟ್ಟೆನೆಂಬುದನ್ನು ಮರೆತು, ಇಟ್ಟುದಕ್ಕಿಂತ ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎನ್ನುತ್ತಾನೆ. ಅಪಹಾರವೆಂದರೆ ಇಷ್ಟೇ. ಬೀಗ ಮುರಿದಿಲ್ಲ, ಸುಳ್ಳು ಲೆಕ್ಕ ಬರೆದಿಲ್ಲ. ಕೊಟ್ಟವನ ಮರೆವನ್ನು ತನ್ನ ಗಳಿಕೆಯಾಗಿಸಿಕೊಂಡು ಒಂದು ಮಾತಾಡಿದ್ದಾನೆ. ಅದೇ ಸಾಲಿನಲ್ಲಿ ‘ಸಾಕಾರಮಂತ್ರಭೇದ’ವೂ ಇದೆ. ಹುಬ್ಬಿನ ಚಲನೆ, ಅಂಗವಿಕಾರಗಳಿಂದ ಇನ್ನೊಬ್ಬರ ಮನಸ್ಸಿನ ಅಭಿಪ್ರಾಯವನ್ನು ಊಹಿಸಿ ಅದನ್ನು ಹೊರಗೆ ಹಾಕುವುದೆಂದು ಅದರ ಅರ್ಥ. ಮಾಹಿತಿಯ ವ್ಯಾಪಾರದ ಇಂದಿನ ದಿನಗಳಲ್ಲಿ ಈ ಎರಡು ಶಬ್ದಗಳು ಪಾಠಶಾಲೆಯ ಬಾಯಿಪಾಠವಾಗಿಯೇ ಉಳಿದಿರುವುದು ಆಶ್ಚರ್ಯ.

ಮೊಬೈಲಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಒತ್ತುವವನು ಆ ಕ್ಷಣದಿಂದಲೇ ಎಷ್ಟು ಕೊಟ್ಟೆನೆಂಬುದನ್ನು ಮರೆತವನು. ಮರೆಯುವುದೇನು, ಆತ ಎಣಿಸಿಯೇ ಇರುವುದಿಲ್ಲ. ಡಿಜಿ ಯಾತ್ರೆಯಲ್ಲಂತೂ ಕೆಲವರಿಗೆ ಕೊಟ್ಟದ್ದೇ ತಿಳಿಯದ ಪ್ರಸಂಗವೂ ಒದಗಿತು. ಕೆಲವು ನಿಲ್ದಾಣಗಳಲ್ಲಿ ಪ್ರವೇಶದ್ವಾರದ ಸಿಬ್ಬಂದಿ ಏನು ಎತ್ತ ಎಂದು ವಿವರಿಸದೆ ಪ್ರಯಾಣಿಕರ ಬೋರ್ಡಿಂಗ್ ಪಾಸನ್ನು ಪಡೆದು, ಮುಖದ ಚಿತ್ರ ತೆಗೆದು ನೋಂದಾಯಿಸುತ್ತಿದ್ದಾರೆಂಬ ದೂರುಗಳು 2024ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಬಂದವು. ವ್ಯವಸ್ಥೆ ಸ್ವಇಚ್ಛೆಯದೆಂದು ಸಚಿವಾಲಯ ಪುನಃ ಸ್ಪಷ್ಟಪಡಿಸಬೇಕಾಯಿತು. ಸಮವಸ್ತ್ರದವರು ‘ಇತ್ತ ನೋಡಿ’ ಎಂದಾಗ ಮುಖವೆತ್ತಿ ನೋಡುವುದು ಸಾಮಾನ್ಯ ಮನುಷ್ಯನ ಸ್ವಭಾವ. ವಯಸ್ಸಾದವರು, ಭಾಷೆ ಬಾರದವರು, ಮೊದಲ ಸಲ ವಿಮಾನ ಹತ್ತುವವರು ‘ಏಕೆ’ ಎಂದು ಕೇಳುವುದಿಲ್ಲ. ಅವರು ಕೇಳಲಿಲ್ಲವೆಂಬುದನ್ನು ಅವರ ಒಪ್ಪಿಗೆಯೆಂದು ಬರೆದುಕೊಳ್ಳುವುದು, ಮರೆತವನಿಗೆ ‘ಹಾಗೆಯೇ ಆಗಲಿ’ ಎಂದಂತೆಯೇ ಸರಿ.

ಅದೇ ವರ್ಷದ ಮಾರ್ಚ್ ಏಪ್ರಿಲ್ ಸುಮಾರಿಗೆ ಇನ್ನೊಂದು ಘಟನೆ ನಡೆಯಿತು. ಹಳೆಯ ಆ್ಯಪನ್ನು ಮೊಬೈಲಿನಿಂದ ತೆಗೆದುಹಾಕಿ, ಹೊಸ ಆ್ಯಪನ್ನು ಇಳಿಸಿಕೊಂಡು ಮತ್ತೆ ನೋಂದಾಯಿಸಿಕೊಳ್ಳುವಂತೆ ಪ್ರಯಾಣಿಕರಿಗೆ ತಿಳಿಸಲಾಯಿತು. ಅಪ್‌ಡೇಟ್ ಎಂದರೆ ಇದ್ದ ಮನೆಗೆ ಸುಣ್ಣ ಹೊಡೆದಂತೆ ಎಂದು ಜನ ತಿಳಿದಿದ್ದಾರೆ. ಇದು ಮನೆಯನ್ನೇ ಬದಲಾಯಿಸಿದಂತಿತ್ತು. ಹಳೆಯ ಆ್ಯಪನ್ನು ಸಿದ್ಧಪಡಿಸಿದ್ದ ತಾಂತ್ರಿಕ ಸಂಸ್ಥೆಗೂ ಫೌಂಡೇಷನ್ನಿಗೂ ಇದ್ದ ಸಂಬಂಧ ಮುರಿದಿತ್ತು. ಮುಂದೆ ಒಡೆತನದ ವ್ಯಾಜ್ಯ ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಪ್ರಯಾಣಿಕರ ವಿವರಗಳಿರುವುದು ಅವರವರ ಮೊಬೈಲಿನಲ್ಲಿಯೇ ಆದ್ದರಿಂದ ಆತಂಕಕ್ಕೆ ಕಾರಣವಿಲ್ಲವೆಂದು ಫೌಂಡೇಷನ್ ಹೇಳಿತು. ಹಾಗೆಯೇ ಇರಬಹುದು; ಅದು ಸುಳ್ಳೆನ್ನಲು ಆಧಾರವಿಲ್ಲ. ಆದರೆ ನಿಜವೆನ್ನಲು ಪ್ರಯಾಣಿಕನ ಕೈಯಲ್ಲಿ ಇರುವ ಆಧಾರವಾದರೂ ಏನು? ಹಳೆಯ ಮುನೀಮನನ್ನು ಬಿಡಿಸಿ ಹೊಸಬನನ್ನು ನೇಮಿಸಿದ ಸಾಹುಕಾರ, ಹಳೆಯ ಖಾತೆ ಪುಸ್ತಕ ಎಲ್ಲಿದೆ, ಕೊನೆಯ ಶಿಲ್ಕು ಎಷ್ಟು, ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಖಾತೆದಾರರಿಗೆ ತೋರಿಸುತ್ತಾನೆ. ತೋರಿಸದಿದ್ದರೆ ಆತ ಪ್ರಾಮಾಣಿಕನಾಗಿದ್ದರೂ ಪೇಟೆ ನಂಬುವುದಿಲ್ಲ. ಸ್ವತಂತ್ರ ಪರಿಶೋಧಕರಿಂದ ಪರೀಕ್ಷೆ ಮಾಡಿಸಿ, ಅಳಿಸಿದ್ದು ಏನು, ಉಳಿದದ್ದು ಏನು ಎಂಬ ವರದಿಯನ್ನು ಆಗಲೇ ಪ್ರಯಾಣಿಕರ ಭಾಷೆಗಳಲ್ಲಿ ಮುಂದಿಡಬಹುದಾಗಿತ್ತು. ಲಕ್ಷಾಂತರ ಜನರಿಗೆ ಮತ್ತೊಮ್ಮೆ ಮುಖ ತೋರಿಸಿರೆಂದು ಹೇಳುವಷ್ಟು ಸುಲಭವಾಗಿದ್ದ ಮೊಬೈಲಿನ ದಾರಿ, ಲೆಕ್ಕ ತೋರಿಸಲು ಮಾತ್ರ ಬಳಕೆಯಾಗಲಿಲ್ಲ.

ಗುಪ್ತಪದವನ್ನು ಕದ್ದರೆ ಬದಲಾಯಿಸಬಹುದು. ಬ್ಯಾಂಕಿನ ಕಾರ್ಡು ಕಳೆದರೆ ರದ್ದುಪಡಿಸಬಹುದು. ಮುಖವನ್ನು ಬದಲಾಯಿಸುವಂತಿಲ್ಲ. ಆದ್ದರಿಂದಲೇ ಇಲ್ಲಿ ಲೆಕ್ಕದ ಪ್ರಶ್ನೆ ಬೇರೆಲ್ಲ ಆ್ಯಪುಗಳಿಗಿಂತ ಗುರುತರ.

ಅದೇ 2024ರ ಡಿಸೆಂಬರ್ ಕೊನೆಯಲ್ಲಿ, ಡಿಜಿ ಯಾತ್ರೆಯ ವಿವರಗಳನ್ನು ಆದಾಯ ತೆರಿಗೆ ಇಲಾಖೆ ಬಳಸಿಕೊಳ್ಳಲಿದೆಯೆಂಬ ಸುದ್ದಿ ಹಬ್ಬಿತು. ಸಂಬಂಧಪಟ್ಟವರೆಲ್ಲ ಅದನ್ನು ನಿರಾಕರಿಸಿದರು. ಆಗ ವ್ಯಾಪಾರಸ್ಥ ವಲಯದಲ್ಲಿ ಕೇಳಿಬಂದ ಒಂದು ವಾದವನ್ನು ಇಲ್ಲಿ ಪರಿಶೀಲಿಸುವುದು ಉಚಿತ. ತೆರಿಗೆಯನ್ನು ಸರಿಯಾಗಿ ಸಲ್ಲಿಸುವವನಿಗೆ ಭಯವೇಕೆ, ಬಚ್ಚಿಡುವಂಥದ್ದು ಇಲ್ಲದವನಿಗೆ ಗೋಪ್ಯವೇಕೆ ಎಂಬುದು ಆ ವಾದ. ಮೇಲುನೋಟಕ್ಕೆ ಇದು ಸತ್ಯನಿಷ್ಠರ ಮಾತಿನಂತೆ ಕಾಣುತ್ತದೆ. ಆದರೆ ನ್ಯಾಸದ ಪ್ರಶ್ನೆ ಇಟ್ಟವನ ಶೀಲವನ್ನು ಅವಲಂಬಿಸಿದ್ದಲ್ಲ, ಇಟ್ಟುಕೊಂಡವನ ಕರ್ತವ್ಯವನ್ನು ಅವಲಂಬಿಸಿದ್ದು. ಮಗಳ ಮದುವೆಗೆಂದು ಒಬ್ಬಾಕೆ ಇಟ್ಟ ಒಡವೆಯನ್ನು, ಆಕೆ ಸಾಧ್ವಿಯೋ ಅಲ್ಲವೋ ಎಂಬ ವಿಚಾರಣೆಯ ನೆಪದಲ್ಲಿ ಬೇರೆ ಕೆಲಸಕ್ಕೆ ಬಳಸಲು ಯಾವ ಸಾಹುಕಾರನಿಗೂ ಅಧಿಕಾರವಿಲ್ಲ. ವಿಮಾನ ಹತ್ತಲು ಕೊಟ್ಟದ್ದು ವಿಮಾನ ಹತ್ತಲು ಮಾತ್ರ. ತೆರಿಗೆಯ ವಿಚಾರಕ್ಕೆ ಬೇಕಾದುದನ್ನು ತೆರಿಗೆಯ ಕಾನೂನಿನ ಪ್ರಕಾರ ಕೇಳಲಿ. ಪ್ರಾಮಾಣಿಕನು ಅಲ್ಲಿಯೂ ಉತ್ತರ ಕೊಟ್ಟಾನು.

ಈ ರೋಗ ವಿಮಾನ ನಿಲ್ದಾಣದಲ್ಲಿ ಹುಟ್ಟಿದ್ದಲ್ಲ. ಅದಕ್ಕಿಂತ ಬಹಳ ಹಿಂದೆಯೇ ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಅಂತರ್ಜಾಲವನ್ನು ತೆರೆದು ತೋರಿಸುವ ಬ್ರೌಸರಿನಲ್ಲಿ ಅದು ನೆಲೆಸಿತ್ತು. ಕುಕೀ ಎಂಬ ಸಣ್ಣ ಗುರುತಿನ ಚೀಟಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬ ತಂತ್ರಜ್ಞ ರೂಪಿಸಿದ. ಗಿರಾಕಿ ಬುಟ್ಟಿಗೆ ಹಾಕಿಕೊಂಡ ಸಾಮಾನನ್ನು ಅಂಗಡಿ ನೆನಪಿಟ್ಟುಕೊಳ್ಳಲಿ ಎಂಬ ನಿರಪಾಯಕರ ಉದ್ದೇಶ ಅದರ ಹಿಂದಿತ್ತು. ಅಂಗಡಿಯವನೇ ತನ್ನ ಗಿರಾಕಿಗೆ ಕೊಟ್ಟ ಚೀಟಿಯಲ್ಲಿ ತಪ್ಪೇನಿದೆ? ಆದರೆ ಕಾಲಕ್ರಮದಲ್ಲಿ ಅಂಗಡಿಯವನಲ್ಲದ ಮೂರನೆಯವನು, ಅಂದರೆ ಜಾಹೀರಾತಿನ ಕಂಪನಿಯವನು, ಎಲ್ಲ ಅಂಗಡಿಗಳ ಮೂಲೆಯಲ್ಲಿಯೂ ತನ್ನ ಆಳನ್ನು ನಿಲ್ಲಿಸಿ ಅದೇ ಬಗೆಯ ಚೀಟಿಯನ್ನು ಗಿರಾಕಿಯ ಬೆನ್ನಿಗೆ ಅಂಟಿಸತೊಡಗಿದ. ಬೆಳಗ್ಗೆ ಔಷಧಿಯ ಬೆಲೆ ಕೇಳಿದ್ದು, ಮಧ್ಯಾಹ್ನ ಸಾಲದ ಬಡ್ಡಿ ವಿಚಾರಿಸಿದ್ದು, ರಾತ್ರಿ ವಧೂವರರ ಪುಟ ತೆರೆದದ್ದು ಎಲ್ಲವೂ ಒಂದೇ ಖಾತೆಗೆ ಜಮೆಯಾಗತೊಡಗಿದವು. ಎಲ್ಲಿ ನಿಂತ, ಎಷ್ಟು ಹೊತ್ತು ನೋಡಿದ, ಯಾವುದನ್ನು ಅರ್ಧಕ್ಕೆ ಬಿಟ್ಟ ಎಂಬ ಚೇಷ್ಟೆಗಳಿಂದ ಮನಸ್ಸನ್ನು ಊಹಿಸಿ ಆ ಊಹೆಯನ್ನೇ ಮಾರುವ ಈ ವ್ಯಾಪಾರಕ್ಕೆ ಸಾಕಾರಮಂತ್ರಭೇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಇದನ್ನು ನಿಲ್ಲಿಸುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಫೈರ್‌ಫಾಕ್ಸ್ ಬ್ರೌಸರು 2019ರಲ್ಲಿ ಇಂಥ ಹಿಂಬಾಲಿಸುವ ಕುಕೀಗಳನ್ನು ಕೇಳದೆಯೇ ತಡೆಯುವಂತೆ ಬದಲಾಯಿತು. ಆ್ಯಪಲ್ ಕಂಪನಿಯ ಸಫಾರಿ 2020ರ ಮಾರ್ಚಿನಲ್ಲಿ ಮೂರನೆಯವರ ಕುಕೀಗಳನ್ನು ಪೂರ್ಣವಾಗಿ ತಡೆಯಿತು. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಬ್ರೌಸರಿನ ಒಡೆಯರಾದ ಗೂಗಲ್‌ನವರೂ ಎರಡು ವರ್ಷಗಳೊಳಗೆ ಅವುಗಳನ್ನು ಕೈಬಿಡುವುದಾಗಿ 2020ರ ಜನವರಿಯಲ್ಲಿ ಮಾತು ಕೊಟ್ಟರು. ವಾಯಿದೆ ಮೇಲೆ ವಾಯಿದೆ ಮುಂದಕ್ಕೆ ಹೋಯಿತು. 2024ರ ಜುಲೈಯಲ್ಲಿ ಮಾತು ಬದಲಾಯಿತು; 2025ರ ಏಪ್ರಿಲಿನಲ್ಲಿ ಇದ್ದ ಸ್ಥಿತಿಯೇ ಮುಂದುವರಿಯುವುದೆಂದು ತೀರ್ಮಾನವಾಯಿತು. ಪರ್ಯಾಯ ವ್ಯವಸ್ಥೆ ಬಂದರೆ ಗೂಗಲ್ಲೊಂದೇ ಬಲಿತು ಸಣ್ಣ ಜಾಹೀರಾತುದಾರರು ಮುಳುಗುವರೆಂದು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಎತ್ತಿದ್ದ ಶಂಕೆಗಳೂ ಇದರ ಹಿಂದಿದ್ದವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಜಾಹೀರಾತಿನಿಂದ ಬದುಕುವ ಕಂಪನಿ ಜಾಹೀರಾತಿನವರ ಕಣ್ಣನ್ನು ತಾನೇ ಕಟ್ಟೀತೆಂದು ನಿರೀಕ್ಷಿಸಿದವರದು ಸ್ವಲ್ಪ ಅತಿಯಾದ ಭರವಸೆಯೇ. ಬ್ರೌಸರಿನಲ್ಲಿ ‘ಇನ್‌ಕಾಗ್ನಿಟೋ’ ಎಂಬ ಗುಪ್ತ ಕಿಟಕಿಯೊಂದಿದೆ. ಅದರಲ್ಲಿ ನೋಡಿದ್ದು ಯಾರಿಗೂ ತಿಳಿಯದೆಂದು ಬಹುಜನರ ನಂಬಿಕೆ. ಅಲ್ಲಿಯೂ ವಿವರ ಸಂಗ್ರಹವಾಗುತ್ತಿತ್ತೆಂದು ಅಮೆರಿಕದಲ್ಲಿ 2020ರಲ್ಲಿ ಹೂಡಿದ ದಾವೆ 2024ರಲ್ಲಿ ರಾಜಿಯಾಗಿ, ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಗೂಗಲ್ ಒಪ್ಪಬೇಕಾಯಿತು. ಆ ಕಿಟಕಿ ಮುಚ್ಚುತ್ತಿದ್ದುದು ಮನೆಯವರ ಕಣ್ಣಿಗೆ ಮಾತ್ರ, ಬೀದಿಯವರ ಕಣ್ಣಿಗಲ್ಲ.

ಕಾನೂನಿನ ರಕ್ಷಣೆ ಎಷ್ಟರಮಟ್ಟಿಗಿದೆ? ಈ ವಿಷಯದಲ್ಲಿ ಕನ್ನಡನಾಡಿನ ಋಣ ದೇಶದ ಮೇಲಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತಾದರೂ, ಖಾಸಗಿ ಸಂಸ್ಥೆಗಳು ಅದನ್ನು ಬಳಸಲು ಅವಕಾಶ ಕೊಟ್ಟಿದ್ದ ಉಪಬಂಧ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪಿನ ಫಲವಾಗಿ ಬಂದದ್ದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಾವಳಿ 2025ರ ನವೆಂಬರಿನಲ್ಲಿ ಪ್ರಕಟವಾಯಿತು. ಮುಖ್ಯ ಬಾಧ್ಯತೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಇಡಲಾಗಿದೆ.

ಈ ಕಾಯಿದೆಯಲ್ಲಿ ಒಳ್ಳೆಯದಿದೆ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕು. ಎಂದರೆ ಕನ್ನಡದಲ್ಲಿ ಕೊಡಿರೆಂದು ಕೇಳುವುದು ಇನ್ನು ಮುಂದೆ ಭಾಷಾಭಿಮಾನದ ಬೇಡಿಕೆಯಲ್ಲ, ಹಕ್ಕು. ಆದರೆ ಸರ್ಕಾರ ತಾನು ಹೆಸರಿಸಿದ ತನ್ನ ಸಂಸ್ಥೆಗಳನ್ನು ಕಾಯಿದೆಯಿಂದ ಹೊರಗಿಡಲು ದಾರಿ ಇಟ್ಟುಕೊಂಡಿದೆ. ಇನ್ನೊಂದು ಅಂಶ ವ್ಯಾಪಾರ ಬಲ್ಲವರ ಕಣ್ಣಿಗೆ ಥಟ್ಟನೆ ಕಾಣುವಂಥದು. ವಿವರಗಳನ್ನು ಕಾಯದೆ ಸೋರಗೊಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಹಿಂದಿನ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ನಷ್ಟ ಹೊಂದಿದವನಿಗೆ ಪರಿಹಾರ ಕೊಡಿಸುತ್ತಿದ್ದ ಕಲಮನ್ನು ಹೊಸ ಕಾಯಿದೆ ತೆಗೆದುಹಾಕುತ್ತದೆ. ಇಡುಗಂಟು ಕಳೆದುಕೊಂಡವನು ಬಾಗಿಲ ಹೊರಗೆ ನಿಂತಿರಲು, ದಂಡದ ಹಣ ಅರಮನೆಯ ಖಜಾನೆಗೆ ಹೋದಂತೆ ಇದು. ದಂಡದ ಮೊತ್ತ ಕೇಳಿ ಸಂತೋಷಪಟ್ಟವರು ಜಮೆ ಯಾರ ಖಾತೆಗೆ ಎಂಬುದನ್ನು ನೋಡಿದಂತಿಲ್ಲ.

ಇದೆಲ್ಲ ದೊಡ್ಡ ಕಂಪನಿಗಳ, ಸರ್ಕಾರದ ಮಾತಾಯಿತು. ಬಸದಿಗಳ ಟ್ರಸ್ಟುಗಳು ಈ ವಿಮರ್ಶೆಯ ಹೊರಗಿವೆಯೆಂದು ಭಾವಿಸಲು ಕಾರಣವಿಲ್ಲ. ಕಾಯಿದೆ ಲಾಭದ ಸಂಸ್ಥೆ, ಧರ್ಮದ ಸಂಸ್ಥೆ ಎಂದು ಭೇದ ಮಾಡಿಲ್ಲ. ಕಂಪ್ಯೂಟರಿನಲ್ಲಿ ಇತರರ ವಿವರವಿಟ್ಟುಕೊಂಡು ಅದನ್ನು ಬಳಸುವ ಟ್ರಸ್ಟೂ ಲೆಕ್ಕ ಒಪ್ಪಿಸಬೇಕಾದದ್ದೇ. ಅಂಥ ವಿವರ ಟ್ರಸ್ಟುಗಳಲ್ಲಿ ಸ್ವಲ್ಪವೇನಲ್ಲ. ತೆರಿಗೆ ವಿನಾಯಿತಿಯುಳ್ಳ ದಾನಗಳ ಬಗ್ಗೆ ದಾನಿಗಳ ಹೆಸರು, ಪ್ಯಾನ್ ಮುಂತಾದ ವಿವರಗಳನ್ನು ಪ್ರತಿವರ್ಷ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ 2021-22ನೇ ಹಣಕಾಸು ವರ್ಷದಿಂದ ಬಂತು. ಆ ಪಟ್ಟಿಯನ್ನು ತಯಾರಿಸುವವನು ಅನೇಕ ಕಡೆ ಸಂಜೆ ಹೊತ್ತು ಬಂದು ಹೋಗುವ ಅರೆಕಾಲಿಕ ಗುಮಾಸ್ತ. ಪಟ್ಟಿ ಇರುವುದು ಆತನ ಸ್ವಂತ ಕಂಪ್ಯೂಟರಿನಲ್ಲಿ, ಕೆಲವೊಮ್ಮೆ ವಾಟ್ಸ್‌ಆ್ಯಪ್ ಸಂದೇಶವಾಗಿ ನಾಲ್ಕಾರು ಮಂದಿ ಪದಾಧಿಕಾರಿಗಳ ಮೊಬೈಲಿನಲ್ಲಿ. ಸಮಾಜದ ಕುಟುಂಬ ಸೂಚಿಗಳಲ್ಲಿ ಮನೆಮಂದಿಯ ಹೆಸರು, ವಯಸ್ಸು, ಉದ್ಯೋಗ, ದೂರವಾಣಿ, ಮದುವೆಗೆ ಬಂದ ಹೆಣ್ಣುಮಕ್ಕಳ ವಿವರ ಅಚ್ಚಾಗುವುದು ಹಳೆಯ ಪದ್ಧತಿ. ಪುಸ್ತಕ ಕೆಲವು ನೂರು ಮನೆಗಳನ್ನು ಸೇರುತ್ತಿದ್ದ ಕಾಲದಲ್ಲಿ ಅದರಿಂದ ಉಪಕಾರವೇ ಆಯಿತು. ಅದೇ ಪುಸ್ತಕ ಪಿಡಿಎಫ್ ರೂಪದಲ್ಲಿ ಯಾರ ಯಾರದೋ ಕೈ ಸೇರುವ ಈ ಕಾಲದಲ್ಲಿ, ಮನೆಯ ಯಜಮಾನನೊಬ್ಬನ ಸಹಿ ಆ ಹುಡುಗಿಯ ಒಪ್ಪಿಗೆಯಾದೀತೇ?

ತೀರ್ಥಯಾತ್ರೆಯ ತಂಡಗಳದೂ ಇದೇ ಕಥೆ. ಶಿಖರ್ಜಿಗೋ ಗಿರನಾರಿಗೋ ಹೊರಡುವ ಇಪ್ಪತ್ತು ಮೂವತ್ತು ಮಂದಿ ಹಿರಿಯರ ಆಧಾರ್ ಚಿತ್ರಗಳನ್ನು ಒಬ್ಬ ಉತ್ಸಾಹಿ ಯುವಕ ತನ್ನ ಮೊಬೈಲಿನಲ್ಲಿ ಕೂಡಿಹಾಕುತ್ತಾನೆ. ಸರದಿ ತಪ್ಪಲೆಂದು ಅವರವರ ಮೊಬೈಲಿನಲ್ಲಿ ಡಿಜಿ ಯಾತ್ರೆಯನ್ನು ಇಳಿಸಿ, ಓಟಿಪಿ ಕೇಳಿ ಪಡೆದು, ಒಪ್ಪಿಗೆಯ ಗುಂಡಿಗಳನ್ನು ತಾನೇ ಒತ್ತಿ ಮುಗಿಸುತ್ತಾನೆ. ಅವನ ಸೇವಾಭಾವದಲ್ಲಿ ಕೊರತೆಯಿಲ್ಲ. ಆದರೆ ಯಾತ್ರೆ ಮುಗಿದು ಆರು ತಿಂಗಳಾದರೂ ಆ ಮೂವತ್ತು ಆಧಾರ್ ಚಿತ್ರಗಳು ಅದೇ ಮೊಬೈಲಿನಲ್ಲಿ ಉಳಿದಿರುತ್ತವೆ, ಅದು ಹಳತಾಗಿ ಮಾರಾಟವಾಗುವ ದಿನದವರೆಗೂ. ದೇವನಹಳ್ಳಿಯ ಯಂತ್ರದಿಂದ 24 ಗಂಟೆಗಳಲ್ಲಿ ಅಳಿಸಿಹೋಗುವ ಮುಖವನ್ನು ಕುರಿತು ಕೇಳುವ ಪ್ರಶ್ನೆಯನ್ನು ಈ ಮೊಬೈಲಿಗೂ ಕೇಳಬೇಕಾಗುತ್ತದೆ.

ಕಾಯಿದೆಯ 18 ತಿಂಗಳ ಅವಧಿ ಮುಗಿಯುವುದು 2027ರ ಮೇ ತಿಂಗಳಿಗೆ. ಅದಕ್ಕೆ ಮೊದಲು ಬರುವ ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚಿನ ತಃಖ್ತೆಯ ಜೊತೆಗೆ ಇನ್ನೊಂದು ಪುಟವನ್ನೂ ಟ್ರಸ್ಟುಗಳು ಸದಸ್ಯರ ಮುಂದೆ ಇಡಬಹುದು: ಯಾರ ಯಾರ ಯಾವ ವಿವರ ತಮ್ಮಲ್ಲಿದೆ, ಯಾವ ಕೆಲಸಕ್ಕೆಂದು ಪಡೆದದ್ದು, ಯಾರ ಕಂಪ್ಯೂಟರಿನಲ್ಲಿದೆ, ಕೆಲಸ ಮುಗಿದ ಮೇಲೆ ಅಳಿಸಿದ್ದು ಯಾವಾಗ. ಡಿಜಿ ಯಾತ್ರಾ ಫೌಂಡೇಷನ್ ಅಂಥ ಪುಟವನ್ನು ಪ್ರಯಾಣಿಕರಿಗೆ ತೋರಿಸುವವರೆಗೆ, ನಿಲ್ದಾಣದ ಹಳೆಯ ಸರದಿ ತೆರೆದೇ ಇದೆ. ಗುರುತಿನ ಚೀಟಿ ಹಿಡಿದು ಅಲ್ಲಿ ನಿಲ್ಲುವವರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ.